ಮೂರು ದಿನದ ಮುಯ್ಯಾಳು

ಮೊನ್ನೆ ಬ್ರಹ್ಮಾವರಕ್ಕೆ ಹೊರಡಲು ನನಗೆ ಒಂದು ಚೀಲ ಬೇಕಾಯಿತು. ಮೂರು ದಿನದ ಬಟ್ಟೆ ಹಿಡಿಸಿದರೆ ಸಾಕು, ಹೆಚ್ಚೇನಲ್ಲ. ನಮ್ಮ ಮನೆಯಲ್ಲಿ ಚೀಲಗಳಿಗೆ ಬರವಿಲ್ಲ. ಮದುವೆಮನೆಗಳಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟವು, ಬಟ್ಟೆ ಅಂಗಡಿಯವು, ಒಳಗೆ ಇನ್ನೊಂದು ಚೀಲ ಇಟ್ಟುಕೊಂಡವು, ಹೀಗೆ ಒಂದು ಕಪಾಟೇ ಇದೆ. ಆದರೆ ಜಿಪ್ಪು ನೆಟ್ಟಗಿರುವ ಚೀಲ ಯಾವುದು ಎಂದು ನೋಡಿದರೆ ಸಿಕ್ಕಿದ್ದು ಒಂದೇ. ಅದು ಒಳಕೋಣೆಯ ಮೊಳೆಯಲ್ಲಿ ಒಂದು ವರ್ಷದಿಂದ ತೂಗಿಕೊಂಡಿತ್ತು. ಕಪ್ಪು ಬಣ್ಣದ ಲ್ಯಾಪ್‌ಟಾಪ್ ಚೀಲ. ಲ್ಯಾಪ್‌ಟಾಪನ್ನು ಕಂಪೆನಿಯವರು ಬಂದು ತೆಗೆದುಕೊಂಡು ಹೋಗಿದ್ದರು. ಚೀಲ ಇಲ್ಲೇ ಇರಲಿ ಅಂದಿದ್ದರು. ಯಾಕೆ ಹಾಗೆ ಅಂದರು ಎಂದು ಅದರ ಜಿಪ್ಪು ಎಳೆದರೆ ನಿಮಗೂ ತಿಳಿಯುತ್ತದೆ. ಒಳಗಿಂದ ಬರುವುದು ಮಾವಿನ ಮಿಡಿ ಉಪ್ಪಿನಕಾಯಿಯ ವಾಸನೆ.

ಆ ತಪ್ಪು ನನ್ನದೇ. ಬುತ್ತಿಯ ಜೊತೆ ಉಪ್ಪಿನಕಾಯಿಯ ಕುಪ್ಪಿ ಇಟ್ಟು ಮುಚ್ಚಳ ಸರಿ ತಿರುಗಿಸದೆ ಕಳಿಸಿದವಳು ನಾನು. ಆ ಸಂಜೆ ಸವಿತ ಬಸ್ಸಿಳಿದು ಬಂದವಳು ಚೀಲವನ್ನು ನನ್ನ ಮುಂದೆ ಇಟ್ಟು, "ಅಕ್ಕ, ಇವತ್ತ್ ಬಸ್ಸಿನಗೆ ನನ್ನ ಹತ್ರ ಯಾರೂ ಕೂಕಣ್ಲಿಲ್ಲೆ. ಕುಂದಾಪ್ರದಿಂದ ಬೈಂದೂರ್ ತನಕ ಎರ್ಡ್ ಸೀಟ್ ನಂದೇ" ಅಂದಿದ್ದಳು. ನಾಲ್ಕು ಸಲ ತೊಳೆದೆ. ವಾಸನೆ ಹೋಗಲಿಲ್ಲ. ಈಗ ಆ ವಾಸನೆ ಹೋಗದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಚೀಲ ಹಿಡಿದುಕೊಂಡು ಮಂಚದ ಮೇಲೆ ಕೂತು ಇನ್ನೊಮ್ಮೆ ಜಿಪ್ಪು ಎಳೆದೆ.

ಸವಿತ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಹದಿನಾಲ್ಕು ವರ್ಷದ ಹಿಂದೆ ನಮ್ಮ ಮನೆಗೆ ಬಂದಳು. ಬೈಂದೂರಿನಿಂದ ಒಳಗೆ ಬಂದರೆ ಸಿಗುವ ಗದ್ದೆಗಳ ನಡುವಿನ ಮನೆ ನಮ್ಮದು. ಅವಳು ಕುಂದಾಪುರ ಪೇಟೆಯವಳು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದು ಮಗಳನ್ನು ಕಂಪ್ಯೂಟರ್ ಓದಿಸಿದ್ದರು. ಗದ್ದೆಯ ಅಂಚಿನ ಮೇಲೆ ನಡೆಯುವಾಗ ಎರಡೂ ಕೈ ಚಾಚಿ ನಡೆಯುತ್ತಿದ್ದಳು, ಹಗ್ಗದ ಮೇಲೆ ಹೋಗುವವರ ಹಾಗೆ. ಓರಗಿತ್ತಿಯರ ನಡುವೆ ಪ್ರೀತಿ ಇರಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನಾನೂ ಅಂಥ ಆಸೆ ಇಟ್ಟುಕೊಂಡಿರಲಿಲ್ಲ. ದೋಸೆಹಿಟ್ಟು ರುಬ್ಬುವ ಕೆಲಸ ಇಬ್ಬರಿಗೆ ಹಂಚಿ ಹೋಗುತ್ತದಲ್ಲ ಎಂಬಷ್ಟೇ ಸಂತೋಷ ನನಗಿದ್ದದ್ದು.

ಮದುವೆಯಾದ ವಾರದಲ್ಲೇ ಅತ್ತೆ ಅವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ವಿಚಾರಿಸಿದರು.

"ಮಣಿಪಾಲಕ್ಕೆ ದಿನಾ ಹೋತೆ ಅಂಬ್ಯಲೆ, ಅಲ್ಲಿ ಎಂತ ಮಾಡುದ್ ನೀನ್?"

"ಟೆಸ್ಟಿಂಗ್ ಅತ್ತೆ. ಬೇರೆಯವ್ರ್ ಮಾಡಿದ್ರಗೆ ತಪ್ಪ್ ಎಲ್ಲಿತ್ತ್ ಅಂದೇಳಿ ಹುಡ್ಕುದ್."

ಅತ್ತೆ ಸ್ವಲ್ಪ ಯೋಚಿಸಿದರು. "ಅದ್ಕೆ ಸಂಬ್ಳ ಕೊಡ್ತ್ರಾ?"

"ಕೊಡ್ತ್ರ್."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ನಡೆದೆ. ನಾನು ಈ ಮನೆಗೆ ಬಂದ ದಿನದಿಂದ ಅತ್ತೆ ಪುಕ್ಕಟೆ ಮಾಡಿಕೊಂಡು ಬಂದಿದ್ದ ಕೆಲಸಕ್ಕೆ ಮಣಿಪಾಲದಲ್ಲಿ ಸಂಬಳವಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಸವಿತ ಹಿಂದಿನಿಂದ ಬಂದು ನನ್ನ ಮುಖ ನೋಡಿದಳು. ಅವಳಿಗೂ ಅರ್ಥವಾಯಿತು. ನಮ್ಮಿಬ್ಬರ ಸ್ನೇಹ ಶುರುವಾದದ್ದು ಆ ಒಲೆಯ ಮುಂದೆ, ಸದ್ದಿಲ್ಲದೆ ನಕ್ಕು.

ಪುಟ್ಟಿ ಹುಟ್ಟಿದ ಮೇಲೆ ಅವಳು ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ನಮ್ಮಲ್ಲಿ ಎಷ್ಟೋ ಸಂಗತಿಗಳು ಹೀಗೆ ಯಾರೂ ಹೇಳದೆ ಆಗಿಬಿಡುತ್ತವೆ. ನಾಲ್ಕು ವರ್ಷ ಅವಳು ನನ್ನ ಜೊತೆ ದೋಸೆಹಿಟ್ಟು ರುಬ್ಬಿದಳು. ಒಂದು ದಿನ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ, "ಅಕ್ಕ, ಒಂದ್ ಮಾತ್ ಹೇಳ್ತೆ, ಬಯ್ಬ್ಯಾಡಿ" ಅಂದಳು.

"ಬೈಯುದ್ ಬಿಡುದ್ ಕೇಂಡ್ ಮೇಲೆ. ಹೇಳ್."

"ಕಂಪೆನಿಯವ್ರ್ ಕೆಲ್ಸ ಬಿಟ್ಟ ಹೆಂಗ್ಸ್ರನ್ನ ಮತ್ತೆ ಸೇರ್ಸ್ಕಂತ್ರಂಬ್ರ್. ಒಂದ್ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ. ನಾಕ್ ವರ್ಷದಗೆ ಎಲ್ಲ ಹೊಸತ್ ಆಯಿತ್ತ್. ಮೂರ್ ವಾರ ಕೂಕಂಡ್ ಓದ್ಕ್, ದಿನಕ್ಕೆ ಐದಾರ್ ತಾಸ್." ಒಂದು ಅಂಗಿಯನ್ನೇ ಹಿಂಡುತ್ತ ಇದ್ದಳು, ಅದರಲ್ಲಿ ನೀರು ಯಾವಾಗಲೋ ಮುಗಿದಿತ್ತು. "ಈ ಸಲಿ ಬಿಟ್ರೆ ಮತ್ತೆ ನನ್ನ ಯಾರೂ ಕರಿತಿಲ್ಲೆ ಅಕ್ಕ."

ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ? ಹಿಟ್ಟು ರುಬ್ಬುವುದು ಮತ್ತೆ ನನ್ನ ತಲೆಗೇ ಬಂತು ಅಂದುಕೊಂಡೆ. ಎರಡನೆಯದಾಗಿ ಬಂದದ್ದು ನನ್ನ ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ನಾಲ್ಕು ಮಾರ್ಕು ಕಮ್ಮಿ ಬಿದ್ದು ನಾನು ನಪಾಸಾದೆ. ಇನ್ನೊಮ್ಮೆ ಕಟ್ಟಬಹುದಿತ್ತು. ಆದರೆ ಆ ಹೊತ್ತಿಗೆ ನಮ್ಮ ಮನೆಯ ದನ ಕರು ಹಾಕಿತು. ಮನೆಯಲ್ಲಿ ಒಬ್ಬರು ಬೇಕಾಯಿತು. ಕರು ದೊಡ್ಡದಾಗುವಷ್ಟರಲ್ಲಿ ನನ್ನ ಮದುವೆಯ ಮಾತು ಬಂದಿತ್ತು. ಒಂದು ಕರುವಿನಿಂದಾಗಿ ವಿದ್ಯೆ ನಿಂತ ಹೆಂಗಸು ನಾನೊಬ್ಬಳೇ ಇರಲಾರೆ.

"ಗಂಡನ್ ಹತ್ರ ಕೇಂಡ್ಯಾ?" ಅಂದೆ.

"ಕೇಂಡೆ. ಮನೆ ಸುಧಾರ್ಸ್ಕಂಡ್ ಹೋಪುದಾರೆ ಹೋಗ್ ಅಂದ್ರ್."

ಮನೆ ಸುಧಾರಿಸುವುದು ಎಂದರೆ ನಾನು ಎಂದು ನಮಗಿಬ್ಬರಿಗೂ ಗೊತ್ತಿತ್ತು. ಪುಟ್ಟಿಯೊಬ್ಬಳೇ ಎರಡು ಆಳಿನ ಕೆಲಸ ಕೊಡುತ್ತಿದ್ದಳು. ಮೇಲೆ ಅತ್ತೆ, ದನದ ಹಟ್ಟಿ, ಅಂಗಡಿಗೆ ಹೋಗುವ ಇಬ್ಬರು ಗಂಡಸರ ಬುತ್ತಿ. ಆ ಸಂಜೆ ನಾನು ಬೇಬಿಯ ಮನೆಗೆ ಹೋದೆ.

ಬೇಬಿ ಯಾರೆಂದು ಹೇಳುವ ಮೊದಲು ಮುಯ್ಯಾಳು ಅಂದರೇನು ಎಂದು ಹೇಳಬೇಕು. ನೆಟ್ಟಿಯ ಕಾಲದಲ್ಲಿ, ಅಂದರೆ ಮಳೆ ಹಿಡಿದು ಗದ್ದೆಗೆ ಬತ್ತದ ಅಗೆ ನೆಡುವ ದಿನಗಳಲ್ಲಿ, ದುಡ್ಡು ಕೊಟ್ಟರೂ ಆಳು ಸಿಗುವುದಿಲ್ಲ. ಆಗ ನಾನು ನಿಮ್ಮ ಗದ್ದೆಗೆ ಒಂದು ದಿನ ಬರುತ್ತೇನೆ, ನೀವು ನಮ್ಮ ಗದ್ದೆಗೆ ಒಂದು ದಿನ ಬರಬೇಕು. ಅದೇ ಮುಯ್ಯಾಳು. ಇದರಲ್ಲಿ ಸಂಬಳವಿಲ್ಲ, ಉಪಕಾರವೂ ಇಲ್ಲ. ನಮ್ಮ ಕಡೆ ಬೇಬಿ ಮತ್ತು ಆರು ಹೆಂಗಸರದ್ದು ಒಂದು ಗುಂಪು. ನಾನೂ ಅವರ ಜೊತೆ ಹೋಗುತ್ತಿದ್ದೆ. ಬೇಬಿ ಗುಂಪಿನ ಯಜಮಾನ್ತಿ. ಗದ್ದೆಯ ಮಧ್ಯದಲ್ಲಿ ನಿಂತು ಅವಳು ಕೂಗಿದರೆ ಹೆದ್ದಾರಿಯ ಬಸ್ಸು ನಿಂತೀತು.

ನಾನು ವಿಷಯ ಹೇಳಿದೆ. ಓರಗಿತ್ತಿಗೆ ಪರೀಕ್ಷೆ, ಓದಬೇಕು, ಮಗು ನೋಡಲು ಜನ ಬೇಕು. ಬೇಬಿಗೆ ಕಂಪ್ಯೂಟರ್ ಎಂದರೇನು ಎಂದು ವಿವರಿಸಲು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದೆಲ್ಲ ಹಾಳಾಯಿತು. ಬೇಬಿ ಕೇಳಿದ್ದು ಒಂದೇ ಮಾತು.

"ಎಷ್ಟ್ ಆಳ್ ಬೇಕ್?"

ಏಳು ಹೆಂಗಸರು, ತಲಾ ಮೂರು ದಿನ. ಬೇಸಿಗೆಯ ಕೊನೆಯಾದ್ದರಿಂದ ಗದ್ದೆ ಕೆಲಸ ಶುರುವಾಗಿರಲಿಲ್ಲ. ದಿನಕ್ಕೊಬ್ಬಳು ಬೆಳಿಗ್ಗೆ ಬಂದು ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದಳು. ಸವಿತ ಬತ್ತದ ಕೋಣೆಯಲ್ಲಿ ಮೇಜಿನ ಫ್ಯಾನು ಹಾಕಿಕೊಂಡು ಬಾಗಿಲು ಮುಚ್ಚುತ್ತಿದ್ದಳು. ಆ ಮೂರು ವಾರದಲ್ಲಿ ಅವಳು ಏನು ಕಲಿತಳೋ ನನಗೆ ತಿಳಿಯದು. ಪುಟ್ಟಿಯಂತೂ ಏಳು ಹೆಂಗಸರ ಬೈಗುಳವನ್ನೂ ಕಲಿತಳು. ಅವಳು ಹುಂಜವನ್ನು ಬೈದ ಮಾತು ಕೇಳಿ ನನ್ನ ಗಂಡ ಊಟ ಬಿಟ್ಟು ಎದ್ದು ಬಂದಿದ್ದರು.

ಅತ್ತೆ ಮಾತ್ರ ಮುಚ್ಚಿದ ಬಾಗಿಲಿನ ಮುಂದೆ ದಿನಕ್ಕೆ ಹತ್ತು ಸಲ ಸುಳಿಯುತ್ತಿದ್ದರು. "ಸೊಸಿ ಬಾಗ್ಲ್ ಹಾಯ್ಕಂಡ್ ಕೂಕಂಬುದ್ ನಾನ್ ಎಲ್ಲೂ ಕಂಡಿಲ್ಲೆ" ಎಂದು ಬಾಗಿಲಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು. ಎರಡನೆಯ ವಾರದಲ್ಲಿ ಸವಿತ ಬಾಗಿಲು ತೆರೆದು, "ಅತ್ತೆ, ಒಳ್ಗ್ ಬನ್ನಿ. ಇದೊಂದ್ ಕಾಣಿ" ಎಂದು ಅವರನ್ನೇ ಕುರ್ಚಿಯಲ್ಲಿ ಕೂರಿಸಿದಳು. ಅಭ್ಯಾಸಕ್ಕೆಂದು ಕೊಟ್ಟಿದ್ದ ಬಸ್ಸಿನ ಟಿಕೆಟ್ಟಿನ ಪುಟವೊಂದಿತ್ತು. ಅದರಲ್ಲಿ ತಪ್ಪು ಹುಡುಕಬೇಕಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಹುಟ್ಟಿದ ತಾರೀಕು ಹಾಕಿ ಅಂತ ಬಂತು. "ತಾರೀಕ್ ಯಾರಿಗ್ ಗೊತ್ತಿತ್ತ್? ದೊಡ್ಡ ನೆರೆ ಬಂದ ವರ್ಷ, ಅಷ್ಟೇ" ಅಂದರು ಅತ್ತೆ. ಪುಟ ಮುಂದೆ ಹೋಗಲಿಲ್ಲ. ಸವಿತ ಏನೋ ಒಂದು ತಾರೀಕು ತುಂಬಿಸಿದಳು. ಅತ್ತೆ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಕಿವಿ ಕೇಳದವರನ್ನು ಕರೆಯುವ ಹಾಗೆ ಮತ್ತೆ ಮೂರು ಸಲ ಒತ್ತಿದರು. ಆಮೇಲೆ ಪರದೆಯ ಮೇಲೆ ನಾಲ್ಕು ಟಿಕೆಟ್ಟು ಬಂದವು.

"ಹೋಪವ್ಳ್ ನಾನೊಬ್ಳ್. ನಾಕ್ ಟಿಕೆಟ್ ಎಂತಕ್ಕೆ?"

ಸವಿತ ಅತ್ತೆಯ ಎರಡೂ ಭುಜ ಹಿಡಿದಳು. "ಎರ್ಡ್ ದಿನದಿಂದ ನಾನ್ ಹುಡ್ಕ್ತಿದ್ದದ್ ಇದೇ ಅತ್ತೆ." ಅಲ್ಲಿಂದ ಮುಂದೆ ಅತ್ತೆ ಬಾಗಿಲಿನ ಹೊರಗೆ ಸುಳಿಯಲಿಲ್ಲ, ಒಳಗೇ ಕೂತರು. ಹತ್ತು ದಿನ ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚೋ ಕಮ್ಮಿಯೋ ಯಾರೂ ಹೇಳಲಿಲ್ಲ. ಅಂಥ ಹತ್ತು ದಿನ ಮತ್ತೆ ಬರಲಿಲ್ಲ.

ಪರೀಕ್ಷೆಯಲ್ಲಿ ಪಾಸಾದಳು. ಇಂಟರ್‌ವ್ಯೂ ದಿನ ಸಂಜೆ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತು ನಡೆದದ್ದನ್ನು ಹೇಳಿದಳು. ಹೊಸ ಪುಟವೊಂದನ್ನು ಕೊಟ್ಟರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರಂತೆ. ಇವಳು ಓದಿದ್ದೆಲ್ಲ ಮರೆತುಹೋಗಿ, ನಮ್ಮ ಅತ್ತೆಯ ಕೈಗೆ ಕೊಡುತ್ತೇನೆ ಅಂದಳಂತೆ. ಅವರು ನಕ್ಕರಂತೆ. ಆಮೇಲೆ ಇವಳು ನೆರೆ ಬಂದ ವರ್ಷ, ನಾಲ್ಕು ಟಿಕೆಟ್ಟು, ಎಲ್ಲ ಒಂದೊಂದಾಗಿ ಹೇಳಿದಾಗ ನಗು ನಿಲ್ಲಿಸಿ ಬರೆದುಕೊಂಡರಂತೆ. ಹತ್ತು ದಿನದಲ್ಲಿ ಕರೆ ಬಂತು.

ಅತ್ತೆ ಹೇಳಿದ್ದು ಇಷ್ಟೇ: "ಹಂಗಾರೆ ಕೆಲ್ಸ ಸಿಕ್ಕಿದ್ ನಂಗೆ."

ಇನ್ನು ಸವಿತ ಮಾಡಿದ ತಪ್ಪಿನ ಕಥೆ. ಮೊದಲ ಸಂಬಳ ಬಂದ ವಾರ ಏಳು ಸೀರೆ ತಂದಳು. ಒಂದೇ ಅಂಚು, ಬಣ್ಣ ಬೇರೆ ಬೇರೆ. ನನಗೆ ತೋರಿಸಿದ್ದರೆ ಹೇಳುತ್ತಿದ್ದೆ. ನನಗೂ ಆಶ್ಚರ್ಯವಾಗಲಿ ಎಂದು ತೋರಿಸದೆ ಏಳು ಜನರನ್ನೂ ಕರೆಸಿ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಬೇಬಿ ಪೊಟ್ಟಣ ಬಿಚ್ಚಿ ನೋಡಿದಳು, ಸೆರಗಿನ ನೇಯ್ಗೆಯ ಮೇಲೆ ಒಮ್ಮೆ ಕೈ ಆಡಿಸಿದಳು, ಮತ್ತೆ ಹಾಗೇ ಮಡಚಿ ಇಟ್ಟಳು.

"ಸೀರೆ ಕೊಡುಕೆ ನಮ್ಮನೆಯಗೆ ಮದ್ವಿ ಇಲ್ಲೆ. ನಾವ್ ಬಂದದ್ ಮುಯ್ಯಿ. ಮುಯ್ಯಿ ತೀರ್ಸುಕೆ ಆಳ್ ಬರ್ಕ್, ಸೀರೆ ಬಪ್ಪುದಲ್ಲ."

ಏಳು ಜನರೂ ಎದ್ದು ಹೋದರು. ಸೀರೆಗಳು ಅಲ್ಲೇ ಉಳಿದವು. ಸವಿತಳ ಮುಖ ನೋಡುವ ಹಾಗಿರಲಿಲ್ಲ. "ಅಕ್ಕ, ಇಪ್ಪತ್ತೊಂದ್ ದಿನ ನಾನ್ ಗೆದ್ದಿಗಿಳಿಕಾ?" ಅಂದಳು. "ಇಳಿಕ್" ಅಂದೆ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮಳೆ ಹಿಡಿದ ಮೇಲೆ ಒಂದು ಭಾನುವಾರ, ತಲೆಯಿಂದ ಬೆನ್ನಿನ ತನಕ ಮುಚ್ಚುವ ಎಲೆಯ ಗೊರಬು ಹಾಕಿಕೊಂಡು ಅವಳು ಬೇಬಿಯ ಗದ್ದೆಗೆ ಇಳಿದಳು. ನೋಡಲು ಅತ್ತೆಯೂ ಬಂದಿದ್ದರು, ಕೊಡೆ ಹಿಡಿದುಕೊಂಡು. ಸವಿತಳ ಸಾಲು ಮೊದಲು ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ, ಆಮೇಲೆ ಬೇಬಿಯ ಸಾಲಿನೊಳಕ್ಕೆ. ಅಗೆಗೆ ನೋವಾದೀತೋ ಎಂಬ ಹಾಗೆ ಮೆಲ್ಲಗೆ ಊರಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅವಳು ನೆಟ್ಟದ್ದೆಲ್ಲ ನೀರಿನ ಮೇಲೆ ತೇಲುತ್ತಿತ್ತು.

ಬೇಬಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನೀ ನೆಟ್ಟದ್ದನ್ನ ಮತ್ತೆ ನೆಡುಕೆ ಎರ್ಡ್ ಆಳ್ ಬೇಕ್. ಹೀಂಗಾರೆ ಮುಯ್ಯಿ ತೀರುದಲ್ಲ ಹೆಣ್ಣೇ, ಬೆಳಿತ್ತ್. ಹತ್ತ್ ಮೇಲೆ." ಸವಿತ ಅಂಚಿಗೆ ಹತ್ತಿ ಕೆಸರು ಕೈ ಹಿಡಿದುಕೊಂಡು ನಿಂತಳು. "ನಿನ್ನ ಕೈಗೆ ಬಪ್ಪುದ್ ಎಂತ?"

"ಕಂಪ್ಯೂಟರ್ ಬತ್ತ್, ಬೇಬಿಯಕ್ಕ."

"ಹಂಗಾರೆ ಅದ್ನೇ ಕೊಡ್. ನಮ್ಮ ಜ್ಯೋತಿಗೆ."

ಜ್ಯೋತಿ ಬೇಬಿಯ ಮಗಳು, ಆಗ ಪಿಯುಸಿ. ಮುಂದಿನ ಭಾನುವಾರ ಅವಳ ಜೊತೆ ಇನ್ನೂ ನಾಲ್ಕು ಹುಡುಗಿಯರು ಬಂದರು. ಸವಿತಳ ಹಳೆಯ ಸ್ವಂತ ಲ್ಯಾಪ್‌ಟಾಪೊಂದು ಜಗಲಿಗೆ ಬಂತು, ಪಾಠ ಶುರುವಾಯಿತು. ಇಪ್ಪತ್ತೊಂದು ಭಾನುವಾರ ಎಂದು ಲೆಕ್ಕ. ಅದು ಏಳು ವರ್ಷ ನಡೆಯಿತು. ಹುಡುಗಿಯರು ಏನಾದರೂ ಮಾಡಿ ಮುಗಿಸಿದರೆ ಅತ್ತೆಗೆ ತೋರಿಸಬೇಕಿತ್ತು. ಅತ್ತೆ ಪಾಸು ಮಾಡಿದ್ದು ಕಮ್ಮಿ. ಆ ಏಳು ಸೀರೆಗಳಲ್ಲಿ ನೀಲಿಯದೊಂದನ್ನು ನಾನು ಉಡುತ್ತಿದ್ದೇನೆ. ಉಳಿದವು ಆ ಹುಡುಗಿಯರು ಇಂಟರ್‌ವ್ಯೂಗೆ ಉಟ್ಟುಕೊಂಡು ಹೋಗುವ ಸೀರೆಗಳಾದವು. ಅದಕ್ಕೆ ಬೇಬಿ ಬೇಡ ಅನ್ನಲಿಲ್ಲ.

ನಮ್ಮ ಸವಿತ ಹುಡುಗಿಯರಿಗೆ ಧೈರ್ಯ ಹೇಳುವುದರಲ್ಲಿ ಗಟ್ಟಿ, ತನ್ನ ವಿಷಯ ಬಂದರೆ ಮೆತ್ತಗೆ. ತಂಡಕ್ಕೆ ಮುಖ್ಯಸ್ಥರು ಬೇಕು, ಅರ್ಜಿ ಹಾಕಿ ಎಂದು ಕಂಪೆನಿಯಲ್ಲಿ ಹೇಳಿದಾಗ ಸುಮ್ಮನಿದ್ದಳು. ತನ್ನ ನಂತರ ಸೇರಿದವನೊಬ್ಬ ಹಾಕಿದ್ದಾನೆ ಎಂದು ಪಲ್ಯಕ್ಕೆ ಬೀನ್ಸ್ ಮುರಿಯುತ್ತ ಹೇಳಿದಳು.

"ಕೇಂಡದ್ದೆಲ್ಲ ಅವ್ನಿಗೆ ಬತ್ತಾ?" ಅಂದೆ.

"ಎಲ್ಲಿ? ಅರ್ಧ ಬತ್ತ್."

"ನಿಂಗೆ?"

"ಮುಕ್ಕಾಲ್. ಪೂರ್ತಿ ಬತ್ತಿಲ್ಲೆ ಅಂದೇಳಿಯೇ ನಾನ್ ಹಾಕ್ಲಿಲ್ಲೆ."

"ನಾನ್ ಲೆಕ್ಕದಗೆ ನಪಾಸ್ ಆದವ್ಳ್" ಅಂದೆ. "ಆದ್ರೂ ಅರ್ಧ ದೊಡ್ಡದಾ ಮುಕ್ಕಾಲ್ ದೊಡ್ಡದಾ ಅಂದೇಳಿ ನಂಗೂ ಗೊತ್ತಿತ್ತ್."

ಅವಳು ಬೀನ್ಸಿನ ತಟ್ಟೆ ನನ್ನ ಮಡಿಲಿಗೆ ಇಟ್ಟು ಒಳಗೆ ಹೋದಳು. ಅರ್ಜಿ ಹಾಕಿ ಬಂದಳು. ಕೆಲಸ ಅವಳಿಗೇ ಆಯಿತು. ಆ ದಿನ ಬೀನ್ಸ್ ಪೂರ್ತಿ ನಾನೇ ಮುರಿದದ್ದು ಎಂದು ನಾನು ಆಮೇಲೆ ತುಂಬ ಸಲ ಹೇಳಿಕೊಂಡಿದ್ದೇನೆ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಊರಿನವರೆಲ್ಲರ ತಪ್ಪು ಹುಡುಕಿ ಕೊಡುತ್ತಿದ್ದವಳು ತನ್ನ ಹೊಟ್ಟೆನೋವನ್ನು ಗ್ಯಾಸು ಅಂದುಕೊಂಡು ಆರು ತಿಂಗಳು ಜೀರಿಗೆ ನೀರು ಕುಡಿದಳು. ಕಾಯಿಸಿ ಕೊಟ್ಟವಳು ನಾನು. ಡಾಕ್ಟರು ಹೊಟ್ಟೆಯಲ್ಲಿ ಗಂಟು ಎಂದಾಗ ತಡವಾಗಿತ್ತು. ಹೋದ ಮಳೆಗಾಲದಲ್ಲಿ ಸವಿತ ಹೋದಳು. ಆಮೇಲೆ ಭಾನುವಾರ ಜಗಲಿಯ ಮೆಟ್ಟಿಲಲ್ಲಿ ಹುಡುಗಿಯರ ಚಪ್ಪಲಿ ಕಾಣಲಿಲ್ಲ. ನಾನೂ ಹಾಲಿನ ಡೈರಿಯಿಂದ ಆಚೆ ಎಲ್ಲಿಗೂ ಹೋಗಲಿಲ್ಲ. ಅತ್ತೆ ಅಡುಗೆಗೆ ಹೆಸರಿಡುವುದನ್ನೂ ಬಿಟ್ಟರು. ಅವರು ಒಮ್ಮೆಯಾದರೂ ಉಪ್ಪು ಕಮ್ಮಿ ಎನ್ನಲಿ ಎಂದು ನಾನು ಬೇಕೆಂದೇ ಒಂದು ದಿನ ಹುಳಿಗೆ ಉಪ್ಪು ಹಾಕಲಿಲ್ಲ. ಸುಮ್ಮನೆ ಉಂಡು ಎದ್ದರು.

ಹೀಗಿರುವಾಗ ಮೊನ್ನೆ ಜ್ಯೋತಿಯ ಫೋನು ಬಂತು. ಅವಳೂ ಈಗ ಮಣಿಪಾಲದ ಕಡೆ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಬ್ರಹ್ಮಾವರದಲ್ಲಿ ಮನೆ, ಎಂಟು ತಿಂಗಳ ಮಗು. ಗಂಡ ಹಡಗಿನಲ್ಲಿ. ನನ್ನ ಆರೋಗ್ಯ ಕೇಳಿದಳು, ಅತ್ತೆಯನ್ನು ಕೇಳಿದಳು, ಕೊನೆಯಲ್ಲಿ ಬೇರೆ ಯಾರದ್ದೋ ಸುದ್ದಿಯ ಹಾಗೆ ಹೇಳಿದಳು: "ಮೇಲಿನ ಕೆಲ್ಸಕ್ಕೆ ನನ್ನ ಹೆಸ್ರ್ ಬಂದಿತ್ತ್ ದೊಡ್ಡಕ್ಕ. ದಿನಾ ಮನೆಯಗೇ ಕೂಕಂಡ್ ಕೆಲ್ಸ ಮಾಡ್ತೆ. ಇದ್ಕೆ ಮೂರ್ ದಿನ ಬೆಳಿಗ್ಗೆಯಿಂದ ಸಂಜೆ ತನಕ ಪರೀಕ್ಷೆಗೆ ಆಫೀಸಿನಗೆ ಇರ್ಕ್. ಮಗಿನ್ ಕಾಂಬುಕೆ ಯಾರಿದ್ರ್? ಅಮ್ಮಂಗೆ ಕಾಲ್ ಗಂಟ್ ನೋವ್, ಮೂರ್ ಮಾಳ್ಗಿ ಹತ್ತುಕಾತಿಲ್ಲೆ. ಮುಂದಿನ ಸಲಿ ಕಾಂಬ ಅಂದೇಳಿ ಬರೀತೆ."

ಬಾವಿಕಟ್ಟೆಯಲ್ಲಿ ಅಂಗಿ ಹಿಂಡುತ್ತಿದ್ದ ಕೈ ನೆನಪಾಯಿತು. "ಬರಿಬ್ಯಾಡ. ನಾನ್ ಬತ್ತೆ" ಅಂದೆ.

ಫೋನು ಇಟ್ಟ ಮೇಲೆ ಹೆದರಿಕೆಯಾಯಿತು. ಮನೆ ಯಾರು ನೋಡುತ್ತಾರೆ? ಮಾರನೆಯ ಬೆಳಿಗ್ಗೆ ಬೇಬಿ ಬಂದು ನನ್ನ ಅಡುಗೆಮನೆಯಲ್ಲಿ ಕಾಲು ನೀಡಿ ಕೂತಿದ್ದಳು. "ನಂಗೆ ಮೆಟ್ಲ್ ಮಾತ್ರ ಆತಿಲ್ಲೆ. ನಿನ್ ಅಡ್ಗಿಮನೆ ಸಮ ನೆಲ ಅಲ್ದಾ? ನೀ ಹೊರ್ಡ್." ಹನ್ನೆರಡು ವರ್ಷದ ಪುಟ್ಟಿ ಬಾಗಿಲಲ್ಲಿ ನಿಂತು ನಾನು ಚೀಲಗಳ ಜಿಪ್ಪು ಎಳೆದು ನೋಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳೇ ಹೋಗಿ ಮೊಳೆಯಿಂದ ಕಪ್ಪು ಚೀಲ ತಂದು ಕೈಗೆ ಕೊಟ್ಟಳು. "ಅಮ್ಮನ್ ಚೀಲ ತಕಂಡ್ ಹೋಯ್ನಿ ದೊಡ್ಡಮ್ಮ. ಇದ್ರ್ ಜಿಪ್ಪ್ ಸರಿ ಇತ್ತ್."

ನೀಲಿ ಸೀರೆ ಉಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಬಸ್ಸು ಹತ್ತಿದೆ. "ಮೇಡಂ, ಆಫೀಸಾ?" ಅಂದ ಕಂಡಕ್ಟರ್. ಚೀಲದಲ್ಲಿದ್ದದ್ದು ಎರಡು ಸೀರೆ, ಮಂಡಿಗೆ ಹಚ್ಚುವ ಎಣ್ಣೆ, ಒಂದು ಕುಪ್ಪಿ ಉಪ್ಪಿನಕಾಯಿ. ಹೌದು ಅಂದೆ. ಮುಚ್ಚಳವನ್ನು ಈ ಸಲ ಮೂರು ಸಲ ತಿರುಗಿಸಿದ್ದೆ. ಆದರೂ ಕುಂದಾಪುರ ದಾಟುವ ತನಕ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಎರಡು ಸೀಟೂ ನನ್ನದೇ.

ಎರಡನೆಯ ದಿನ, ಜ್ಯೋತಿ ಹೋದ ಮೇಲೆ, ಮಗುವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದೆ. ಎದುರು ಮನೆಯ ಹೆಂಗಸು, ನನ್ನದೇ ಪ್ರಾಯ, ಗುಡಿಸುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿದಳು.

"ನೀವ್ ಜ್ಯೋತಿಗೆ ಎಂತ ಆಯ್ಕ್? ಅತ್ತೆಯಾ?"

"ಅಲ್ಲ."

"ತಾಯಿ ಕಡೆಯವ್ರಾ?"

"ಅಲ್ಲ. ಮುಯ್ಯಾಳ್."

ಅವಳು ಬಹಳ ವರ್ಷ ಕೇಳದ ಮಾತು ಅದಾಗಿರಬೇಕು. ಒಮ್ಮೆ ನಕ್ಕಳು. ಆಮೇಲೆ ಕಸಬರಿಕೆಯನ್ನು ಗೋಡೆಗೆ ಒರಗಿಸಿದಳು. ದನಿಯನ್ನು ಸ್ವಲ್ಪ ತಗ್ಗಿಸಿದಳು.

"ನಮ್ಮ ಸೊಸಿಯೂ ಕಂಪ್ಯೂಟರ್ ಕೆಲ್ಸದಗೇ ಇದ್ದದ್. ಅವ್ಳಿ ಜವ್ಳಿ ಮಕ್ಳ್ ಆಯ್ತ್ ಕಾಣಿ, ಬಿಟ್ಟ್ ಕೂಕಂಡಿದ್ಲ್. ಈಗ ಮತ್ತೆ ಕರೀತಿದ್ರಂಬ್ರ್. ಎರ್ಡ್ ಮಕ್ಳನ್ನ ಕಟ್ಕಂಡ್ ನಾನೊಬ್ಳ್ ಎಂತ ಮಾಡುದ್ ಹೇಳಿ?"

ಮಗು ನನ್ನ ಸೆರಗು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಅದನ್ನು ಈಚೆ ಹೆಗಲಿಗೆ ಬದಲಾಯಿಸಿಕೊಂಡೆ.

"ಎಷ್ಟ್ ಆಳ್ ಬೇಕ್?" ಅಂದೆ.